ಊರಿಗೆಲ್ಲ ಹೇಳಿದ ನೀಲಕ್ಕ

ನಮ್ಮ ಕಡೆ ಹೆಂಗಸರು ಇಂಥ ಮಾತು ಬಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ನೀಲಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾತು ಶುರು ಮಾಡುತ್ತಿದ್ದಳು. ಆಳಂದದಲ್ಲಿ ನಾವಿಬ್ಬರೂ ಒಂದೇ ಆರೋಗ್ಯ ಸಂಸ್ಥೆಯ ಕೆಲಸಕ್ಕಿದ್ದೆವು. ಹಳ್ಳಿ ಹಳ್ಳಿ ತಿರುಗಿ ಗುಪ್ತರೋಗಗಳ ಬಗ್ಗೆ ಹೆಂಗಸರಿಗೆ ತಿಳಿಹೇಳಬೇಕು. ನಾನು ಹೊಸಬಳು, ಆಕೆಯೇ ನನಗೆ ಕಲಿಸಿದವಳು.

ಮೊದಲ ದಿನ ಖಜೂರಿಯಲ್ಲಿ ನನ್ನ ಕಿವಿ ಕೆಂಪಾಗಿದ್ದವು. ಕೂತವರೆಲ್ಲ ಲಾರಿ ಹೊಡೆಯುವವರ ಹೆಂಡಂದಿರು. "ಬಾಯಿಂದ ಮಾಡಿದ್ರ ಬಸುರಾಗಂಗಿಲ್ಲಲ್ರಿ, ಅದಕ್ಯಾಕ ನಿರೋಧ್?" ಎಂದಳೊಬ್ಬಳು. ಎಲ್ಲರೂ ನಕ್ಕರು. ನೀಲಕ್ಕನೂ ನಕ್ಕಳು.

"ಬಸುರಾಗಂಗಿಲ್ಲ, ಖರೆ. ರೋಗ ಬರ್ತದಲ್ಲ ಬೇ! ಬಾಯಾಗ ಹುಣ್ಣಾಗ್ತದ, ಗಂಟಲಕ್ಕೂ ಹತ್ತತದ. ನೀವು ಬಾಯಿ ಹಚ್ಚೂದಿದ್ರ ಆತ ನಿರೋಧ್ ಹಾಕ್ಕೊಳ್ಳಲಿ. ಆತ ನಿಮಗ ಹಚ್ಚೂದಿದ್ರ ಇದು ನಡುವ ಇರಲಿ" ಎನ್ನುತ್ತ ಹೊಸ ನಿರೋಧ್‌ನ ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಹಾಳೆಯಂತೆ ಬಿಡಿಸಿ ತೋರಿಸಿದಳು. "ಮತ್ತ, ನೋವಿಲ್ಲದ ಹುಣ್ಣನ್ನ ನಂಬಬ್ಯಾಡ್ರಿ."

"ಶಿವಶಿವಾ, ಹುಚ್ಚಿ ಅದಾಳ ಈಕಿ!" ಎಂದು ಮುದುಕಿಯೊಬ್ಬಳು ಎದ್ದು ಹೊರಟಳು. ಹೋಗುವಾಗ ಸೊಸೆಗೆಂದು ಒಂದು ಪೊಟ್ಟಣ ಒಯ್ದಳು.

ಮಣ್ಣೂರಿನಲ್ಲಿ ಒಬ್ಬ ಗಂಡಸು, "ನಮ್ಮ ಹೆಂಗಸರ ತಲಿ ಕೆಡಸಾಕ ಬಂದೀಯೇನು?" ಎಂದು ಮೈಮೇಲೆ ಏರಿ ಬಂದ. "ತಲಿ ಇರಲಿ ಬಿಡ್ರಿ ಯಪ್ಪಾ, ನಿಮ್ಮ ರಕ್ತ ಕೆಡಬಾರದಂತ ಬಂದೇನಿ" ಎಂದಳು. ಆಕೆಯ ಧೈರ್ಯ ಕಂಡು ನನಗೆ ಹೆಮ್ಮೆಯೋ ಹೆಮ್ಮೆ.

ಹೋದ ಚಳಿಗಾಲದಲ್ಲಿ ಚಹಾ ಕುಡಿಯುವಾಗ ಆಕೆಯ ತುಟಿಯ ಒಳಗೊಂದು ಹುಣ್ಣು ಕಂಡಿತು. ಕೇಳಿದರೆ, "ಸುಣ್ಣ ಹತ್ತಿ ಸುಟ್ಟದ" ಎಂದಳು. ಆಕೆ ಎಲೆ ಅಡಿಕೆ ತಿಂದದ್ದನ್ನು ನಾನೆಂದೂ ನೋಡಿರಲಿಲ್ಲ.

"ನೋವದ ಏನ್ರಿ, ನೀಲಕ್ಕ?"

ಆಕೆ ಲೋಟ ಕೆಳಗಿಟ್ಟು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಯಾರೂ ಗುರುತು ಹಿಡಿಯಬಾರದೆಂದು ಜೇವರ್ಗಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಸಿಫಿಲಿಸ್. ಸೂಜಿ ಮಾಡಿದ ಡಾಕ್ಟರು, "ಗಂಡನೂ ಬರಬೇಕು, ಇಲ್ಲಾಂದ್ರ ಮತ್ತ ಹತ್ತತದ" ಎಂದರು. ಗಂಡ ಹವಳಗಾದ ಕಡೆ ಕಬ್ಬಿನ ಲಾರಿ ಹೊಡೆಯುತ್ತಿದ್ದ. ಹೊರಗೆ ಬಂದದ್ದೇ ನನಗೆ ಸಿಟ್ಟು ತಡೆಯಲಾಗಲಿಲ್ಲ.

"ಊರಿಗೆಲ್ಲ ಹೇಳ್ತೀರಿ, ಮನ್ಯಾಗ ಯಾಕ ಹೇಳಲಿಲ್ರಿ?"

"ಎರಡನೇ ಕೂಸಿಗೇ ನಂದು ಆಪರೇಷನ್ ಆಗ್ಯಾದವ್ವ. ಆಪರೇಷನ್ ಆದ ಮನ್ಯಾಗ ನಿರೋಧ್ ತಗದ್ರ ಗಂಡ ಕೇಳೂದು ಒಂದೇ ಮಾತು, 'ಯಾರ ಸಲುವಾಗಿ?' ಅಂತ. ಏನ್ ಹೇಳಲಿ? ಆತನ ಮ್ಯಾಲ ಅನುಮಾನ ಪಟ್ಟಂಗ ಆಗ್ತದ, ಇಲ್ಲಾ ನಾನೇ ಕೆಟ್ಟಾಕಿ ಆಗ್ತೇನಿ."

ಅಯ್ಯೋ, ಇಷ್ಟು ಮಾತಿನ ಹೆಂಗಸಿಗೆ ಮನೆಯಲ್ಲಿ ಒಂದು ಮಾತು ಆಡಲು ಜಾಗವಿರಲಿಲ್ಲವಲ್ಲ ಎನಿಸಿತು. ಇವತ್ತಾದರೂ ಹೇಳಿರೆಂದು ಕೈಹಿಡಿದು ಬೇಡಿಕೊಂಡೆ. ತಲೆಯಾಡಿಸಿ ಬಸ್ಸು ಹತ್ತಿದಳು.

ಆಮೇಲೆ ಆಕೆ ಕೆಲಸಕ್ಕೆ ಬರಲಿಲ್ಲ. ಕೊನೆಯ ಸಲ ಬಂದದ್ದು ಕೆಲಸ ಬಿಡುತ್ತೇನೆಂದು ಹೇಳಲು. ನಾನು ಬಾಗಿಲಲ್ಲೇ ತಡೆದು, ಗಂಡ ಸೂಜಿ ಮಾಡಿಸಿಕೊಂಡನೇ ಎಂದು ಕೇಳಿದೆ.

"ಮಾಡಿಸ್ಕೊಂಡ" ಎಂದಳು. "ಈ ಕೆಲಸದಾಗ ಊರೂರು ತಿರುಗಿ ರೋಗ ನಾನೇ ತಂದೇನಿ ಅಂತ ಹಿರ್ಯಾರ ಮುಂದ ನಾ ಒಪ್ಕೊಂಡ ಮ್ಯಾಲ."