ಯಾರಿಗೆ ಕಂಡದ್ದು?

ಅವರ ಬಲಗೈಯ ಕಿರುಬೆರಳು ಮಡಿಚಲು ಬರುತ್ತಿರಲಿಲ್ಲ. ಉಳಿದ ಬೆರಳುಗಳೆಲ್ಲ ಕೀಬೋರ್ಡಿನ ಮೇಲೆ ಪಟಪಟನೆ ಓಡುತ್ತಿದ್ದರೆ ಅದೊಂದು ಮಾತ್ರ ತರಗತಿಯಲ್ಲಿ ಕೈಯೆತ್ತಿ ನಿಂತ ಹುಡುಗಿಯ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಕಾಗದ ಕತ್ತರಿಸುವ ಮಷಿನ್ನಿಗೆ ಸಿಕ್ಕ ಬೆರಳು ಅದು. ಹೊಸಬರು ಯಾರಾದರೂ ‘ಅಯ್ಯೋ, ಮಷಿನ್ನಿಂದ ಹಿಂಗಾಯ್ತಾ?’ ಎಂದರೆ ಅವರಿಗೆ ಸರಿಬೀಳುತ್ತಿರಲಿಲ್ಲ. “ಮಷಿನ್ ಏನ್ ಮಾಡ್ತು ಪಾಪ, ಅದು ಅದ್ರ ಕೆಲ್ಸ ಮಾಡ್ತು. ಆತುರ ನಂದು,” ಎಂದು ಮತ್ತೆ ಟೈಪಿಂಗಿಗೆ ತಿರುಗುತ್ತಿದ್ದರು.

ತಿಪಟೂರಿನ ಕಾಲೇಜು ರಸ್ತೆಯಲ್ಲಿ, ಬೇಕರಿಗೂ ಗೊಬ್ಬರದ ಅಂಗಡಿಗೂ ನಡುವೆ ಅವರ ಡಿಟಿಪಿ ಅಂಗಡಿ. ಹಾಗಾಗಿ ನಮಗೆಲ್ಲ ಅವರು ಡಿಟಿಪಿ ಅಕ್ಕ. ಪಿಯುಸಿಯಲ್ಲಿ ಎರಡು ಸಲ ಫೇಲಾದವರು, ಅದೂ ಇಂಗ್ಲಿಷಿನಲ್ಲಿ. ಆಮೇಲೆ ವರ್ಷಗಟ್ಟಲೆ ಬೇರೆಯವರ ಅರ್ಜಿ, ವರದಿ, ಪ್ರಾಜೆಕ್ಟುಗಳನ್ನು ಟೈಪ್ ಮಾಡುತ್ತ, ಗೊತ್ತಿಲ್ಲದ ಪದ ಬಂದಾಗಲೆಲ್ಲ ರಟ್ಟು ಕಿತ್ತುಹೋದ ಡಿಕ್ಷನರಿ ತಿರುವುತ್ತ, ನಮ್ಮ ಲೆಕ್ಚರರುಗಳನ್ನೇ ತಿದ್ದುವಷ್ಟು ಇಂಗ್ಲಿಷ್ ಕಲಿತುಬಿಟ್ಟಿದ್ದರು. ಅದರಲ್ಲೂ ಯಾವುದರಿಂದ ಏನಾಯಿತು, ಯಾರಿಂದ ಏನಾಯಿತು ಎಂದು ಹೇಳುವ ಮಾತುಗಳ ಮೇಲೆ ಅವರಿಗೆ ವಿಶೇಷ ಕಣ್ಣು. ಅಂಥ ಮಾತು ಬಂದ ಕಡೆ ಟೈಪಿಂಗ್ ನಿಲ್ಲುತ್ತಿತ್ತು, ಕನ್ನಡಕ ಹಣೆಗೆ ಏರುತ್ತಿತ್ತು.

ಒಮ್ಮೆ ಹೊನ್ನವಳ್ಳಿ ಕಡೆಯ ತೋಟದ ಯಜಮಾನರೊಬ್ಬರು ಪರಿಹಾರಕ್ಕೆಂದು ಇಂಗ್ಲಿಷಿನಲ್ಲಿ ಬರೆಸಿದ ಅರ್ಜಿ ತಂದಿದ್ದರು. ತೆಂಗಿಗೆ ನುಸಿ ಬಿದ್ದು ಕಾಯಿ ಹಾಳಾಗಿತ್ತು. ಅಕ್ಕ ಎರಡು ಸಾಲು ಓದಿ ಕೈ ನಿಲ್ಲಿಸಿದರು.

“ಯಜಮಾನ್ರೇ, ಥ್ಯಾಂಕ್ಸ್ ಟು ನುಸಿ ಅಂತ ಬರ್ದಿದೆಯಲ್ರೀ. ನುಸಿ ಏನು ನಿಮ್ ಬೀಗ್ರಾ?”

“ಯಾರೋ ಗೊತ್ತಿರೋರು ಬರ್ಕೊಟ್ರು ಕಣಮ್ಮ. ನಂಗೇನ್ ತಿಳೀತದೆ?”

“ಫಸಲು ಬಂದ್ರೆ ಥ್ಯಾಂಕ್ಸ್ ಟು. ಹಾಳಾದ್ರೆ ಡ್ಯೂ ಟು. ಉಪಕಾರ ಮಾಡ್ದೋರ್ನೂ ಕೇಡು ಮಾಡ್ದೋರ್ನೂ ಒಂದೇ ಮಣೆ ಮೇಲೆ ಕೂರಿಸ್ಬಾರ್ದು ಕಣ್ರೀ.”

ಯಜಮಾನರು ಬಿದ್ದು ಬಿದ್ದು ನಕ್ಕರು. ಅವರು ಬಂದಾಗ ಮುಖದಲ್ಲಿ ನಗುವೇ ಇರಲಿಲ್ಲ.

ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ಕೃತಜ್ಞತೆಯ ಪುಟವೊಂದು ಇರುತ್ತದಲ್ಲ, ಅದನ್ನು ನಾವೆಲ್ಲ ಹಿಂದಿನ ವರ್ಷದವರಿಂದ ಹಾಗೇ ಇಳಿಸುತ್ತಿದ್ದೆವು. ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು, ಗೈಡ್, ತಂದೆತಾಯಿ, ಮುಗಿಯಿತು. ಅಕ್ಕ ಅದನ್ನು ನೋಡಿ “ಇಷ್ಟೇನಾ? ಇನ್ಯಾರೂ ಇಲ್ವಾ?” ಎಂದು ಕೇಳಿ ಸುಮ್ಮನೆ ಕಾಯುತ್ತಿದ್ದರು. ಆ ಕಾಯುವಿಕೆ ಬಹಳ ಕಷ್ಟದ್ದು. ತಲೆ ಕೆರೆದುಕೊಂಡು ಒಬ್ಬ ಹಾಸ್ಟೆಲ್ಲಿನ ಅಡುಗೆಯವರ ಹೆಸರು ಹೇಳಿದ, ಇನ್ನೊಬ್ಬಳು ತನ್ನ ಪಾಲಿನ ಮನೆಗೆಲಸವನ್ನೂ ಮಾಡಿದ ತಂಗಿಯ ಹೆಸರು. ತೊಂದರೆ ಬೇಡವೆನ್ನುವವರು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಕೇಳುವವರಿರಲಿಲ್ಲ.

ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಅಟ್ಟದ ಮೇಲಿನ ತೆಂಗಿನಕಾಯಿ ಏಕೆ ಕೆಡುತ್ತದೆ ಎನ್ನುವುದು ನಾನು ಇಂಗ್ಲಿಷಿನಲ್ಲಿ ಬರೆಯಬೇಕಿದ್ದ ಪ್ರಾಜೆಕ್ಟು. ನಮ್ಮಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗೇ ಒಣಗಿ ಉಂಡೆ ಕೊಬ್ಬರಿಯಾದ ಮೇಲೆ ತೆಗೆಯುತ್ತಾರೆ. ಕೆಲವರ ಅಟ್ಟದಲ್ಲಿ ಅರ್ಧಕ್ಕರ್ಧ ಕೆಟ್ಟು ಕೌಟಾಗಿರುತ್ತದೆ. ಕಾರಣ ಕೇಳಿದರೆ ತೋಟದವರು ಹವಾ ಸರಿಯಿಲ್ಲ ಎಂದರು, ವರ್ತಕರು ಮಣ್ಣು ಸರಿಯಿಲ್ಲ ಎಂದರು, ಮನೆಯ ಹಿರಿಯರು ದೃಷ್ಟಿ ಎಂದರು. ಎರಡು ತಿಂಗಳು ಸುತ್ತಿ ನನಗೆ ಸಿಕ್ಕಿದ್ದು ಇಷ್ಟೇ.

ಕೊನೆಗೆ ದಾರಿ ತೋರಿಸಿದವರು ಕೆಂಕೆರೆಯ ಸಣ್ಣತಾಯಮ್ಮ. ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಕೂಲಿಯಾಕೆ. ಹತ್ತಾರು ಮನೆಗಳ ಕೊಬ್ಬರಿ ಆಕೆಯ ಕೈ ದಾಟಿ ಹೋಗುತ್ತಿತ್ತು.

“ಹವಾನೂ ಅಲ್ಲ, ದೃಷ್ಟಿನೂ ಅಲ್ಲ ಕಣವ್ವ. ಬಲ್ತಿರೋ ಕಾಯಿನೂ ಎಳೆಕಾಯಿನೂ ಒಂದೇ ರಾಶಿಗೆ ಸುರೀತಾರೆ. ಎಳೇದು ಕೊಳೀತದೆ, ಪಕ್ಕದ್ದನ್ನೂ ಕೆಡಿಸ್ತದೆ. ಹೋಗಿ ನೋಡು ಬೇಕಾದ್ರೆ.”

ಹೋಗಿ ನೋಡಿದೆ. ಆಕೆ ಹೆಸರಿಸಿದ ಅಟ್ಟಗಳನ್ನೆಲ್ಲ ಹತ್ತಿ, ಕಾಯಿ ಒಡೆಸಿ, ಬರೆದುಕೊಂಡೆ. ಆಕೆಯ ಮಾತು ಅಕ್ಷರಶಃ ನಿಜವಾಗಿತ್ತು. ಕರಡು ಬರೆದು ಖುಷಿಯಿಂದ ಗೈಡ್ ಸರ್ ಹತ್ತಿರ ಓಡಿದೆ. ಅವರು ಸಣ್ಣತಾಯಮ್ಮನ ಹೆಸರಿದ್ದ ಸಾಲಿನ ಮೇಲೆ ಗೀಟು ಎಳೆದರು. “ಕೂಲಿಯವರ ಹೆಸರೆಲ್ಲ ಯಾಕಮ್ಮ? ಸಂಶೋಧನೆಯಿಂದ ಕಂಡುಬಂದಿದೆ ಅಂತ ಬರಿ, ಸಾಕು.” ನಾನು ಹಾಗೇ ಬರೆದೆ.

ಟೈಪ್ ಮಾಡುತ್ತ ಅಕ್ಕ ಆ ಸಾಲಿಗೆ ಬಂದು ನಿಂತರು. ಮಾರನೆಯ ದಿನ ಪ್ರಾಜೆಕ್ಟ್ ಒಪ್ಪಿಸಲು ಕೊನೆಯ ದಿನ.

“ಕಂಡುಬಂದಿದೆ ಅಂತ ಬರ್ದಿದ್ದೀಯ. ಯಾರಿಗೆ ಕಂಡದ್ದು?”

“ನನಗೇ ಅಕ್ಕ.”

“ನೀನು ಕೊಬ್ರಿ ಬಿಡಿಸಿದ್ದೀಯಾ?”

ಸಣ್ಣತಾಯಮ್ಮನ ವಿಷಯ ಹೇಳಬೇಕಾಯಿತು. ಗೈಡ್ ಸರ್ ಮಾತನ್ನೂ ಹೇಳಿದೆ. ನನಗೆ ರೇಗಿಹೋಗಿತ್ತು. “ನಿಮಗ್ಯಾಕಕ್ಕ ಅದೆಲ್ಲ? ಟೈಪ್ ಮಾಡ್ಕೊಡಿ ಸಾಕು,” ಎಂದುಬಿಟ್ಟೆ. ಇವತ್ತಿಗೂ ಆ ಮಾತು ನೆನಪಾದರೆ ಮುಖ ಬಿಸಿಯಾಗುತ್ತದೆ.

ಅಕ್ಕ ಸಿಟ್ಟು ಮಾಡಿಕೊಳ್ಳಲಿಲ್ಲ. ಆ ಪುಟವನ್ನು ಎರಡು ಥರ ಟೈಪ್ ಮಾಡಿದರು. ಒಂದು ನಾನು ಬರೆದಂತೆ. ಇನ್ನೊಂದರಲ್ಲಿ, ಈ ಕಾರಣವನ್ನು ಮೊದಲು ತಿಳಿಸಿದ ಶ್ರೇಯ ಕೆಂಕೆರೆಯ ಸಣ್ಣತಾಯಮ್ಮನವರದು ಎಂದು ಚೊಕ್ಕ ಇಂಗ್ಲಿಷಿನಲ್ಲಿ ಒಂದು ಸಾಲು. “ಯಾವ್ದು ಬೈಂಡ್ ಮಾಡಿಸ್ಕೋತೀಯೋ ನಿನ್ನಿಷ್ಟ ಕಣೇ,” ಎಂದು ಎರಡನ್ನೂ ಕೈಗಿಟ್ಟರು. ನಾನು ಹೆಸರಿಲ್ಲದ ಪುಟವನ್ನೇ ಬೈಂಡ್ ಮಾಡಿಸಿದೆ. ಹೆದರಿಕೆ ಇತ್ತು, ನಿಜ. ಆದರೆ ಹೆದರಿಕೆಗಿಂತ ಹೆಚ್ಚಾಗಿ, ಕಂಡುಹಿಡಿದವಳು ನಾನು ಅನ್ನಿಸಿಕೊಳ್ಳುವ ಆಸೆಯಿತ್ತು. ಒಳ್ಳೆಯ ಅಂಕವೂ ಬಂತು.

ಕೆಲವು ತಿಂಗಳ ನಂತರ ಊರಲ್ಲೊಂದು ತೆಂಗು ಬೆಳೆಗಾರರ ಸಭೆ. ಗೈಡ್ ಸರ್ ಭಾಷಣಕಾರರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. “ನನ್ನ ಸಂಶೋಧನೆಯಿಂದ ಕಂಡುಬಂದ ಮುಖ್ಯ ಅಂಶವೆಂದರೆ,” ಎಂದು ಶುರುಮಾಡಿ ಎಳೆಕಾಯಿ ಬೆರೆಸುವ ವಿಷಯವನ್ನು ಸಾಲುಸಾಲಾಗಿ ಹೇಳಿದರು. ನನ್ನ ಹೆಸರಿಲ್ಲ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ನಾನು ಎದ್ದು ಸೀದಾ ಅಕ್ಕನ ಅಂಗಡಿಗೆ ಬಂದು ಅತ್ತೆ.

ಅಕ್ಕ ಬೇಕರಿಯಿಂದ ಟೀ ತರಿಸಿದರು. ನಾನು ಕುಡಿದು ಮುಗಿಸಿದ ಮೇಲೆ ಕೇಳಿದರು.

“ಹೊಟ್ಟೆ ಉರೀತಾ?”

“ಉರೀತು.”

“ನಿಂಗೆ ಗೊತ್ತಾಯ್ತು, ಅತ್ಕೊಂಡೆ. ಆ ಯಮ್ಮಂಗೆ ಗೊತ್ತೇ ಆಗ್ಲಿಲ್ಲವಲ್ಲೇ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಈಗೇನು ಮಾಡಲಿ ಎಂದು ಕೇಳಿದೆ. “ಇಂಗ್ಲಿಷ್ ಪುಸ್ತಕ ಬೀರು ಸೇರ್ತು, ಬುಡು. ಕಾಯಿ ಕೆಡ್ತಿರೋದು ಅಟ್ಟದಲ್ಲಿ. ಕನ್ನಡದಲ್ಲಿ ಒಂದು ಹಾಳೆ ಬರಿ,” ಎಂದರು.

ಅಲ್ಲೇ ಕೂತು ಬರೆದೆ. ದಪ್ಪ ಅಕ್ಷರದಲ್ಲಿ ಮೇಲೊಂದು ಸಾಲು ಅವರೇ ಹಾಕಿದರು: ‘ಕೆಂಕೆರೆಯ ಸಣ್ಣತಾಯಮ್ಮನವರು ಕಂಡುಕೊಂಡದ್ದು.’ ಕೆಳಗೆ ಅಕ್ಕನ ಹೆಸರನ್ನೂ ಹಾಕೋಣವೆಂದೆ. “ನಾನು ಮಾಡಿದ್ದು ಟೈಪಿಂಗು. ಮಾಡದೇ ಇರೋದಕ್ಕೆ ಹೆಸರು ತಗೊಂಡ್ರೆ ನಿಮ್ ಗೈಡ್‌ಗೂ ನಂಗೂ ಏನೇ ವ್ಯತ್ಯಾಸ?” ಎಂದು ಗದರಿದರು. ಮುದ್ರಣದ ದುಡ್ಡನ್ನೂ ಮುಟ್ಟಲಿಲ್ಲ.

ಭಾನುವಾರ ಹುಳಿಯಾರಿನ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಇಬ್ಬರೂ ಕೆಂಕೆರೆಗೆ ಹೋದೆವು. ಸಣ್ಣತಾಯಮ್ಮ ಚಿಪ್ಪಿನ ರಾಶಿಯ ಮಧ್ಯೆ ಕೂತಿದ್ದರು. ನಾನು ಹಾಳೆ ಓದಿ ಹೇಳಿದೆ. ಮಾಡಿದ ತಪ್ಪನ್ನೂ ಹೇಳಿದೆ. ಆಕೆ ಅದನ್ನು ಹೆಚ್ಚು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. “ಇದ್ರಾಗೆ ನನ್ ಹೆಸ್ರು ಎಲ್ಲೈತೆ? ಬೆರಳಿಟ್ಟು ತೋರ್ಸವ್ವ.” ತೋರಿಸಿದೆ. ಆಕೆ ಅಲ್ಲೇ ತನ್ನ ಬೆರಳನ್ನೂ ಇಟ್ಟು ಬಹಳ ಹೊತ್ತು ನೋಡಿದರು. ಆ ಹಾಳೆಗಳು ಸುತ್ತಮುತ್ತಲ ಕೊಬ್ಬರಿ ಮನೆಗಳ ಗೋಡೆಗೆಲ್ಲ ಅಂಟಿದವು. ಎಳೆಕಾಯಿ ಬೇರೆ ಹಾಕಬೇಕೆಂದು ಹೇಳುವವರು ಈಗಲೂ ಸಣ್ಣತಾಯಮ್ಮನ ಹೆಸರು ಸೇರಿಸಿಯೇ ಹೇಳುತ್ತಾರೆ.

ಹೋದ ವರ್ಷ ಶ್ರಾವಣದಲ್ಲಿ ಡಿಟಿಪಿ ಅಕ್ಕ ತೀರಿಕೊಂಡರು. ಎದೆನೋವು ಎಂದು ಬೆಳಿಗ್ಗೆ ಆಸ್ಪತ್ರೆಗೆ ಹೋದವರು ಮಧ್ಯಾಹ್ನಕ್ಕೆ ಇಲ್ಲ. ನಾನು ತುರುವೇಕೆರೆಯಲ್ಲಿ ಪಾಠ ಮಾಡುತ್ತಿದ್ದೆ, ತರಗತಿ ಅರ್ಧಕ್ಕೆ ಬಿಟ್ಟು ಓಡಿದೆ. ಮನೆಯ ಮುಂದೆ ಜನ ತುಂಬಿತ್ತು. ಸಣ್ಣತಾಯಮ್ಮನಿಗೆ ಯಾರು ಸುದ್ದಿ ಮುಟ್ಟಿಸಿದರೋ, ಕೆಂಕೆರೆಯಿಂದ ಬಂದು ಗೇಟಿನ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಕೈ ಹಿಡಿದುಕೊಂಡರು.

“ನನ್ ಹೆಸ್ರು ಅಚ್ಚಾಗಿದ್ದು ಈ ತಾಯಿಯಿಂದ ಅಂತ ಯಾರ್ಗಾದ್ರೂ ಹೇಳಿದ್ದೀಯೇನವ್ವ?”

“ಇಲ್ಲಮ್ಮ. ಹೆಸರು ಬೇಡ ಅಂತ ಅವರೇ ಅಂದಿದ್ರು.”

“ಅವ್ರು ಬ್ಯಾಡ ಅಂತಾರೆ. ಅಂಥೋರು ಅನ್ನೋದೇ ಹಂಗೆ. ಅದ್ಕೆ ನೀನು ಸುಮ್ಕಿರಬೌದಾ?”

ಈ ಬರಹದಲ್ಲೂ ನಿಮ್ಮ ಹೆಸರು ಹಾಕಿಲ್ಲ, ಅಕ್ಕ. ಉಳಿದದ್ದನ್ನೆಲ್ಲ ಹೇಳಿಬಿಟ್ಟಿದ್ದೇನೆ.