ನಲವತ್ತೊಂದು ಗಂಟುಗಳ ಚಿತ್ರ

ಮೊನ್ನೆ ಹಳೆಯ ಟ್ರಂಕಿನ ತಳದಿಂದ ಕಂಬಳಿ ಎತ್ತುವಾಗ ಸುರಗಿ ಹೂವಿನ ವಾಸನೆ ಬಂತು. ಮಡಿಕೆ ಬಿಚ್ಚಿದರೆ ನಾಲ್ಕು ಮೊಳದ ಬಾಳೆನಾರು. ಉದ್ದಕ್ಕೂ ಗಂಟುಗಳು. ಒಂದರಲ್ಲಿ ಕೆಂಪು ನೂಲು, ಒಂದರಲ್ಲಿ ಬಳೆಚೂರು, ಇನ್ನೊಂದರಲ್ಲಿ ಮೆಣಸಿನ ಬಳ್ಳಿಯ ಕಡ್ಡಿ, ಮತ್ತೊಂದರಲ್ಲಿ ಒಣಗಿದ ಸುರಗಿ. ಯಾವುದೋ ಹರಕೆಯ ದಾರ ಇರಬೇಕೆಂದು ಮನೆಯವರು ದೇವರ ಮುಂದೆ ಇಡಲು ಹೊರಟಿದ್ದರು. ನಾನು ಇಸಿದುಕೊಂಡೆ. ಅದೊಂದು ಸಿನಿಮಾ ಎಂದು ಹೇಳಿದರೆ ನಂಬುವವರು ಯಾರು?

ಆಗ ನಾನು ಮಲೆನಾಡಿನ ಜಾವಳಿಯಲ್ಲಿ ಮೇಷ್ಟ್ರು. ನನ್ನ ಬಿಡಾರದ ಎದುರಿನ ಮನೆಯಲ್ಲಿ ಕಾಫಿ ಎಸ್ಟೇಟಿನ ಮೇಸ್ತ್ರಿ ಮತ್ತು ಅವರ ಹೆಂಡತಿ ಇದ್ದರು. ಆಕೆಯನ್ನು ನಾನು ಎದುರುಮನೆ ಅಕ್ಕ ಎನ್ನುತ್ತಿದ್ದೆ. ಸುತ್ತಿನ ಮದುವೆಗಳಿಗೆಲ್ಲ ಹೂವು ಕಟ್ಟಿ ಜಡೆ ಹೆಣೆಯುವವರು ಅವರೇ. ಓದು ಬರಹ ಬಾರದು. ಅದನ್ನೊಂದು ಕೊರತೆ ಎಂದು ಅವರು ತಿಳಿದದ್ದನ್ನು ನಾನಂತೂ ಕಾಣೆ.

ಯುದ್ಧದ ಕಾಲ. ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತಾ ಬಸ್ಸು ಓಡುತ್ತಿದ್ದ ದಿನಗಳು. ಆ ಬೇಸಿಗೆ ರಜೆಯಲ್ಲಿ ಮೈಸೂರು ಕಡೆಯ ಒಂದು ಸಿನಿಮಾ ಕಂಪನಿ ನಮ್ಮ ಎಸ್ಟೇಟಿಗೆ ಬಂದಿಳಿಯಿತು. ನಾಯಕಿ ಹತ್ತು ಹೆಜ್ಜೆ ನಡೆಯುವುದಕ್ಕೆ ಇಷ್ಟೊಂದು ಜನ ಬೇಕೇ ಎಂದು ಊರಿಗೆ ಊರೇ ಬಾಯಿ ಬಿಟ್ಟು ನೋಡಿತು. ಕ್ಯಾಮರಾದವರೊಬ್ಬರು, ಅವರ ಪೆಟ್ಟಿಗೆ ಹೊರಲು ಇಬ್ಬರು. ಬೆಳ್ಳಿಕಾಗದ ಅಂಟಿಸಿದ ಹಲಗೆ ಹಿಡಿದು ಬಿಸಿಲನ್ನು ನಾಯಕಿಯ ಮುಖಕ್ಕೆ ತಿರುಗಿಸುವವರು ನಾಲ್ವರು. ಕಿವಿಗೆ ಡಬ್ಬಿ ಕಟ್ಟಿಕೊಂಡ ಸೌಂಡಿನವರು ಜೀರುಂಡೆ ಕೂಗಿದರೂ ಹಣೆ ಚಚ್ಚಿಕೊಳ್ಳುತ್ತಿದ್ದರು. ಮೇಕಪ್ಪಿನವರು, ಬಟ್ಟೆಯವರು, ಅಡುಗೆಯವರು ಬೇರೆ. ಇವರೆಲ್ಲರ ಮೇಲೆ ಟೋಪಿ ಹಾಕಿಕೊಂಡ ಡೈರೆಕ್ಟರು.

“ನಮ್ಮ ತೋಟದ ಹಾಗೇ ಮೇಷ್ಟ್ರೆ. ಕೂಗೋರು ಒಬ್ರು, ಕೆಲಸ ಎಲ್ಲರದ್ದೂ,” ಎಂದಿದ್ದರು ಅಕ್ಕ.

ನನ್ನ ಅಕ್ಷರ ದುಂಡಗಿದ್ದುದರಿಂದ ಸ್ಲೇಟಿನ ಮೇಲೆ ದೃಶ್ಯದ ನಂಬರು ಬರೆದು ಕ್ಯಾಮರಾದ ಮುಂದೆ ಹಿಡಿಯುವ ಕೆಲಸ ನನಗೆ ಬಂತು. ಅಕ್ಕನನ್ನು ನಾಯಕಿಯ ಜಡೆಗೆ ಇಟ್ಟುಕೊಂಡರು. ಮೂರನೇ ದಿನವೇ ಡೈರೆಕ್ಟರ ಅಸಿಸ್ಟೆಂಟಿಗೆ ನಮ್ಮ ಚಳಿಜ್ವರ ಹಿಡಿದು, ಅವರನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರು ಇಡುತ್ತಿದ್ದ ನೋಟ್‌ಬುಕ್ಕೂ ನನ್ನ ಕೊರಳಿಗೆ ಬಿತ್ತು. ಸಿನಿಮಾದವರು ಕಥೆಯನ್ನು ಸಾಲಾಗಿ ತೆಗೆಯುವುದಿಲ್ಲ. ಒಂದೇ ಓಟದ ಅರ್ಧ ಇವತ್ತು, ಇನ್ನರ್ಧ ಮುಂದಿನ ವಾರ. ಹಾಗಾಗಿ ಹೂವು, ಬಳೆ, ಹಣೆಯ ಬೆವರು, ಎಲ್ಲವೂ ಮೊದಲು ಇದ್ದಂತೆಯೇ ಇರಬೇಕು. ಅದನ್ನು ನೋಡಿ ಬರೆದಿಡುವುದೇ ಒಬ್ಬರ ಪೂರ್ತಿ ಕೆಲಸ.

ನಾನು ಬರೆದೆ. “ಜಡೆ, ಹೂವು” ಎಂದು ದುಂಡಗೆ ಬರೆದೆ. ಹೂವು ಎಡಕ್ಕೋ ಬಲಕ್ಕೋ ಎಂದು ಮಾರನೆಯ ದಿನ ಕೇಳಿದಾಗ ನೋಟ್‌ಬುಕ್ಕಿನ ಹಾಳೆಗಳನ್ನು ತಿರುವಿಹಾಕಿದೆ, ಅದನ್ನು ಬರೆದೇ ಇರಲಿಲ್ಲ. ಅಕ್ಕ ಸೊಂಟದಿಂದ ಬಾಳೆನಾರು ತೆಗೆದು ಬೆರಳಾಡಿಸಿದರು. “ಎಡಕ್ಕೆ. ಬಳೆ ಬಲಗೈಲಿ ನಾಲ್ಕು, ಎಡಗೈಲಿ ಮೂರು. ಒಂದು ನಿನ್ನೆ ಒಡೀತು.” ಒಂದೊಂದು ಶಾಟಿಗೂ ಅವರು ಒಂದೊಂದು ಗಂಟು ಹಾಕಿ, ಗುರುತಿಗೆ ಏನಾದರೊಂದು ಚೂರು ಸಿಕ್ಕಿಸಿದ್ದರು.

“ಕಣ್ಣಿಗೆ ಕಂಡಿದ್ದನ್ನ ಕೈಗೆ ಕೊಟ್ಟುಬಿಟ್ರೆ ಮರೆಯೋದಿಲ್ಲ ಮೇಷ್ಟ್ರೆ,” ಎಂದರು. ನನಗೆ ನಾಚಿಕೆಯಾಯಿತು. ಅಂದಿನಿಂದ ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು.

ಕೊನೆಗೆ ಉಳಿದದ್ದು ಒಂದೇ ದೃಶ್ಯ. ನಾಯಕಿ ಕಾಫಿ ಗಿಡಗಳ ನಡುವೆ ಓಡಿಬಂದು, ಮೆಣಸಿನ ಬಳ್ಳಿ ಹಬ್ಬಿದ ಮರದಡಿ ನಿಂತು, ಹಿಂತಿರುಗಿ ನೋಡಿ ಎರಡು ಮಾತಾಡಬೇಕು. ಓಡುವುದನ್ನು ತೆಗೆದು ಮುಗಿಸುವಷ್ಟರಲ್ಲಿ ಮಳೆ ಹೊಡೆಯಿತು. ಕ್ಯಾಮರಾಕ್ಕೆ ನೀರು ಹೋಗಿ ಅದನ್ನು ರಿಪೇರಿಗೆ ಮೈಸೂರಿಗೆ ಒಯ್ದರು. ಫಿಲ್ಮಿಗೂ ಪರ್ಮಿಟ್ಟಿದ್ದ ಕಾಲ ಅದು. ಕೈಯಲ್ಲಿ ಉಳಿದ ಫಿಲ್ಮು ಆ ನಿಲ್ಲುವ ತುಣುಕಿಗೆ ಮಾತ್ರ ಸಾಕು. ಅದು ಕೆಟ್ಟರೆ ಚಿತ್ರವೇ ಅರ್ಧಕ್ಕೆ ನಿಲ್ಲುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

ಅವತ್ತೇ ಅಕ್ಕ ಡೈರೆಕ್ಟರಿಗೆ ಹೇಳಿದ್ದರು. “ಎಂಟು ದಿನದೊಳಗೆ ಮುಗಿಸಿಬಿಡಿ. ಆಮೇಲೆ ತೋಟ ಬೆಳ್ಳಗಾಗ್ತದೆ.”

“ಜಡೆ ಹಾಕೋರು ಜಡೆ ನೋಡ್ಕೊಳ್ಳಿ,” ಎಂದು ಅವರು ನಕ್ಕರು.

ಕ್ಯಾಮರಾ ವಾಪಸು ಬಂದದ್ದು ಒಂಬತ್ತನೆಯ ದಿನ ಸಂಜೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ತೋಟಕ್ಕೆ ತೋಟವೇ ಹೂವಾಗಿತ್ತು. ಎಲೆ ಕಾಣದಷ್ಟು ಬಿಳಿ, ತಲೆ ಸುತ್ತುವಷ್ಟು ಪರಿಮಳ. ಡೈರೆಕ್ಟರು ಟೋಪಿ ತೆಗೆದು ಕುಣಿದಾಡಿಬಿಟ್ಟರು. “ಇಂಥಾ ಸೀನು ಯಾರಿಗೆ ಸಿಗತ್ತೆ! ತೆಗೀರಿ, ಬೇಗ ತೆಗೀರಿ!” ಹಲಗೆಗಳು ಎದ್ದವು. ನಾನೂ ಸ್ಲೇಟು ಹಿಡಿದು ನಿಂತೆ.

ಅಕ್ಕ ನಡೆದುಕೊಂಡು ಬಂದು ಕ್ಯಾಮರಾದ ಮುಂದೆಯೇ ನಿಂತರು.

“ಓಡುವಾಗ ಹಸಿರು, ನಿಂತಾಗ ಬಿಳಿ. ಈ ಹುಡುಗಿ ಒಂಬತ್ತು ದಿನ ಓಡಿದ್ಲಾ ಮಾರಾಯ್ರೆ?”

ಡೈರೆಕ್ಟರ ಮುಖ ಕೆಂಪಾಯಿತು. ಆಮೇಲೆ ಅದೇ ಮುಖ ಬಿಳಿಚಿಕೊಂಡಿತು. ಪಾಪ, ಅವರು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಬಯಲುಸೀಮೆಯವರು, ಮಳೆ ಬಿದ್ದ ಎಂಟ್ಹತ್ತು ದಿನಕ್ಕೆ ಕಾಫಿ ಗಿಡ ಹೀಗೆ ಒಂದೇ ಬೆಳಗ್ಗೆ ವೇಷ ಬದಲಿಸುತ್ತದೆಂದು ಅವರಿಗೇನು ಗೊತ್ತು?

“ಗುಡ್ಡದ ಆಚೆ ಮಗ್ಗುಲಿಗೆ ಅವತ್ತು ಮಳೆ ಬಿದ್ದಿಲ್ಲ. ಅಲ್ಲಿ ಮೊಗ್ಗು ಇನ್ನೂ ಮುಚ್ಕೊಂಡಿದೆ, ಗಿಡ ಎಲ್ಲಾ ಹಸಿರೇ,” ಎಂದರು ಅಕ್ಕ. ಸುರಗಿ ತರಲು ಎರಡು ದಿನದ ಹಿಂದೆ ಅತ್ತ ಹೋದಾಗಲೇ ಅವರು ಕಣ್ಣಿಟ್ಟು ಬಂದಿದ್ದರು. “ಮರವೂ ನೋಡಿಟ್ಟಿದ್ದೀನಿ. ಬಳ್ಳಿ ಎಡಕ್ಕೇ ಹಬ್ಬಿದೆ. ಬಿಸಿಲು ಬಲಗೆನ್ನೆಗೆ ಬೀಳ್ಬೇಕು, ಹತ್ತು ಗಂಟೆಯೊಳಗೆ ಹೋಗ್ಬೇಕು.”

ಡೈರೆಕ್ಟರು ಇನ್ನೂ ಯೋಚಿಸುತ್ತಿದ್ದರು. ಕ್ಯಾಮರಾದವರು ಮಾತಿಲ್ಲದೆ ಮುಕ್ಕಾಲಿಯನ್ನು ಹೆಗಲಿಗೇರಿಸಿ ಅಕ್ಕನ ಹಿಂದೆ ಹೊರಟುಬಿಟ್ಟರು. ಅವರ ಹಿಂದೆ ಹಲಗೆಯವರು, ಬಟ್ಟೆಯವರು, ನಾವೆಲ್ಲ. ಸೌಂಡಿನವರ ಗಾಡಿ ಆ ಏರು ಹತ್ತಲಿಲ್ಲ. ಮಾತು ಬಿಟ್ಟು, ನಾಯಕಿ ಬರೀ ಹಿಂತಿರುಗಿ ನೋಡಿದರೆ ಸಾಕೆಂದಾಯಿತು. ಅಕ್ಕ ನಾರು ಹಿಡಿದು ಗಂಟು ಗಂಟಾಗಿ ಹೇಳುತ್ತಾ ಹೋದರು: ಸೆರಗು ಹೀಗೆ, ಹಣೆಯ ಮೇಲೆ ಒಂದು ಎಳೆ ಕೂದಲು, ಕಾಲಿಗೆ ಮಣ್ಣು. ಡೈರೆಕ್ಟರು ಅವರು ಹೇಳಿದಂತೆ ಕೇಳಿದರು. ಒಂದೇ ಸಲಕ್ಕೆ ಶಾಟು ಮುಗಿಯಿತು. ಡೈರೆಕ್ಟರು ಟೋಪಿ ತೆಗೆದು ಅಕ್ಕನಿಗೆ ಕೈಮುಗಿದು, “ಪಿಚ್ಚರಲ್ಲಿ ನಿಮ್ಮ ಹೆಸರು ಹಾಕಿಸ್ತೀನಮ್ಮ,” ಎಂದರು.

ಚಿತ್ರ ಚಿಕ್ಕಮಗಳೂರಿನ ಟೆಂಟು ಟಾಕೀಸಿಗೆ ಬರಲು ವರ್ಷವೇ ಹಿಡಿಯಿತು. ಅಕ್ಕ, ಮೇಸ್ತ್ರಿಯವರು, ನಾನು ಮೂವರೂ ಹೋದೆವು. ಹೆಸರುಗಳು ಬರತೊಡಗಿದವು. “ಓದಿ ಮೇಷ್ಟ್ರೆ,” ಎಂದರು ಅಕ್ಕ. ಓದಿದೆ. ಛಾಯಾಗ್ರಹಣ, ಶಬ್ದಗ್ರಹಣ, ಪ್ರಸಾಧನ… ಅವರ ಹೆಸರು ಎಲ್ಲೂ ಇರಲಿಲ್ಲ. ಪಕ್ಕಕ್ಕೆ ತಿರುಗಿದರೆ ಅವರ ಮುಖ… ನನಗೆ ತಡೆಯಲಾಗಲಿಲ್ಲ. ಕೊನೆಯಲ್ಲಿ ಅವರ ಹೆಸರನ್ನೂ ಸೇರಿಸಿ ಗಟ್ಟಿಯಾಗಿ ಓದಿಬಿಟ್ಟೆ.

ಅಕ್ಕ ನಿಧಾನವಾಗಿ ನನ್ನ ಕಡೆ ನೋಡಿದರು. “ನೀವು ನನ್ನ ಹೆಸರು ಓದುವಾಗ ಪರದೆ ಮೇಲೆ ಅಕ್ಷರವೇ ಇರ್ಲಿಲ್ಲ ಮೇಷ್ಟ್ರೆ,” ಎಂದು ನಕ್ಕರು. ಅವರ ಕಣ್ಣು ತಪ್ಪಿಸುವುದುಂಟೇ?

ಆ ದೃಶ್ಯ ಬಂತು. ಹುಡುಗಿ ಓಡಿದಳು, ನಿಂತಳು, ಹಿಂತಿರುಗಿ ನೋಡಿದಳು. ಟೆಂಟಿನಲ್ಲಿ ಒಬ್ಬರೂ ಮಿಸುಕಲಿಲ್ಲ. ಅಕ್ಕ ಗಂಡನ ತೋಳು ತಿವಿದು, “ನೋಡಿ, ಯಾರಿಗೂ ಗೊತ್ತಾಗ್ಲೇ ಇಲ್ಲ!” ಎಂದರು. ಅಷ್ಟು ಹೆಮ್ಮೆಯ ದನಿಯನ್ನು ನಾನು ಮತ್ತೆ ಕೇಳಿಲ್ಲ.

ನನಗೆ ವರ್ಗವಾದಾಗ ಅಕ್ಕ ಈ ನಾರನ್ನು ಕೈಗಿತ್ತು, “ಪಿಚ್ಚರ್ ಮುಗೀತಲ್ಲ, ಇಟ್ಕೊಳ್ಳಿ,” ಎಂದರು. ಕೆಲವು ವರ್ಷದ ಮೇಲೆ ಮೇಸ್ತ್ರಿಯವರ ಕಾರ್ಡು ಬಂತು, ಅಕ್ಕ ಹೋದರೆಂದು. ಕಾರ್ಡು ಹಿಡಿದು ಅತ್ತಿದ್ದೆ. ಆ ಚಿತ್ರವೂ ಈಗ ಇಲ್ಲ. ಬಲ್ಲವರನ್ನೆಲ್ಲ ವಿಚಾರಿಸಿದೆ. ಒಂದು ರೀಲೂ ಉಳಿದಿಲ್ಲವಂತೆ.

ಉಳಿದಿರುವುದು ಈ ನಾರೊಂದೇ. ಎಣಿಸಿದೆ, ನಲವತ್ತೊಂದು ಗಂಟು. ಸುರಗಿ ಎಂದರೆ ಎಡಕ್ಕೆ ಹೂವು. ಬಳೆಚೂರು ಗೊತ್ತು. ಮೆಣಸಿನ ಕಡ್ಡಿ ಗೊತ್ತು. ಉಳಿದವು ಏನೆಂದು ಕೇಳಿಟ್ಟುಕೊಳ್ಳಬೇಕಿತ್ತು, ಕೇಳಲಿಲ್ಲ. ನಮ್ಮಿಬ್ಬರಲ್ಲಿ ಓದಲು ಬರುವವನು ನಾನು ಎಂದುಕೊಂಡಿದ್ದೆ.