ಚಾವಿಗೆ ಹಚ್ಚಿದ ಭಂಡಾರ

ಚಾವಿ ಎಂಬ ವಸ್ತುವಿನ ಮೇಲೆ ಶ್ರೀಶೈಲನಿಗೆ ಗೌರವ ಹುಟ್ಟಿದ್ದು ತಡವಾಗಿ. ಅವನ ಡ್ರೈವರಿಕೆ ಶುರುವಾದದ್ದು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮೇಲೆ. ಅಲ್ಲಿ ಒಬ್ಬರ ಟ್ರ್ಯಾಕ್ಟರಿನ ಚಾವಿ ಇನ್ನೊಬ್ಬರದಕ್ಕೂ ಕೂಡುತ್ತಿತ್ತು; ಯಾವುದೂ ಕೂಡದಿದ್ದರೆ ಸ್ಕ್ರೂಡ್ರೈವರ್ ಕೂಡುತ್ತಿತ್ತು. ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ಮಲಗಿದವನು ಎದ್ದು ನೋಡಿದರೆ ಯಾರೋ ಅವನ ಟ್ರ್ಯಾಕ್ಟರನ್ನು ಮುಂದೆ ಸರಿಸಿಟ್ಟಿರುತ್ತಿದ್ದರು. ಅದು ಕಳ್ಳತನವಲ್ಲ, ಉಪಕಾರ.

ಅಂಥವನು ಎರಡು ಸಾವಿರದ ಆರರಲ್ಲಿ ಬೈಲಹೊಂಗಲದ ಶಂಕ್ರೆಪ್ಪ ಸಾವಕಾರರ ಬಿಳಿ ಕಾರಿಗೆ ಡ್ರೈವರ್ ಆದ. ಕಾರು ಸೆಕೆಂಡ್ ಹ್ಯಾಂಡು, ಆದರೆ ಚಾವಿಗೆ ರಿಮೋಟ್ ಇತ್ತು. ಗುಂಡಿ ಒತ್ತಿದರೆ ನಾಲ್ಕೂ ಬಾಗಿಲು ‘ಟಕ್’ ಎಂದು ತೆರೆದುಕೊಂಡು, ದೀಪಗಳು ಕಣ್ಣು ಹೊಡೆಯುತ್ತಿದ್ದವು. ಗುಂಡಿ ಒತ್ತದೆ ಬರೀ ಚಾವಿಯಿಂದ ಬಾಗಿಲು ತೆಗೆದರೆ ಮಾತ್ರ ಕಳ್ಳ ಬಂದನೆಂದು ತಿಳಿದು ಸೈರನ್ ಕೂಗುತ್ತಿತ್ತು. ಮೊದಮೊದಲು ಶ್ರೀಶೈಲ ಬಸ್ ಸ್ಟ್ಯಾಂಡಿನ ಮುಂದೆ ಕಾರಣವಿಲ್ಲದೆ ಗುಂಡಿ ಒತ್ತಿ ಬಾಗಿಲು ತೆಗೆದು, ಮತ್ತೆ ಹಾಕಿದ್ದುಂಟು. ನೋಡುವವರಿದ್ದರೆ ಎರಡೆರಡು ಸಲ. ಪಗಾರು ಟ್ರ್ಯಾಕ್ಟರಿನಷ್ಟೇ; ಏರಿದ್ದು ಹೆಬ್ಬೆರಳಿನ ಮರ್ಯಾದೆ ಮಾತ್ರ.

ಚಾವಿ ಇದ್ದದ್ದು ಒಂದೇ. ಇನ್ನೊಂದನ್ನು ಹಿಂದಿನ ಮಾಲೀಕ ಕಳೆದಿದ್ದ. ಹಾಗಾಗಿ ಸಂಜೆ ಕಾರು ಅಂಗಳದಲ್ಲಿ ನಿಲ್ಲಿಸಿ ಚಾವಿಯನ್ನು ಸಾವಕಾರರ ಕೈಗೆ ಒಪ್ಪಿಸಬೇಕು, ಮುಂಜಾನೆ ಬಂದು ಕೇಳಿ ಪಡೆಯಬೇಕು. ಅವರು ಪೂಜೆಗೆ ಕುಳಿತಿದ್ದರೆ ಕಟ್ಟೆಯ ಮೇಲೆ ಕಾಯಬೇಕು. ‘ನಾನು ಕಾರಿನ ಡ್ರೈವರೋ, ಕಟ್ಟೆಯ ಡ್ರೈವರೋ’ ಎಂದು ಅವನಿಗೇ ಅನುಮಾನ ಬರುತ್ತಿತ್ತು.

ವರ್ಷ ಕಳೆಯುವಷ್ಟರಲ್ಲಿ ರಿಮೋಟಿನ ರಬ್ಬರ್ ಗುಂಡಿ ಸವೆದು ತೂತು ಬಿತ್ತು. ಶ್ರೀಶೈಲ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅದರ ಮೇಲೆ ಸುತ್ತಿದ. ಹತ್ತು ಸಲ ಒತ್ತಿದರೆ ಒಮ್ಮೆ ಕೇಳುತ್ತಿತ್ತು. ಸಿರಸಂಗಿಯ ಕಾಳಿಕಾ ಗುಡಿಯ ಮುಂದೆ ಅದೂ ಕೇಳಲಿಲ್ಲ. ಅವನು ಚಾವಿ ತಿರುವಿ ಬಾಗಿಲು ತೆಗೆದ. ಕಾರು ಬಾಯಿ ತೆರೆಯಿತು. ಬ್ಯಾಟರಿಯ ವಾಯರ್ ಕಿತ್ತ ಮೇಲೆಯೇ ಸೈರನ್ ನಿಂತದ್ದು.

“ಯಾಕರೀ ಸಾವಕಾರ್ರ, ಕಾರ ತವರಮನಿ ನೆನಿಸಿ ಅಳಾಕತ್ತೈತೇನ?” ಎಂದು ನೆರೆದವರಲ್ಲೊಬ್ಬ ಕೇಳಿದ.

ಬೈಲಹೊಂಗಲ ಬಂದ ಮೇಲೆ ಶಂಕ್ರೆಪ್ಪ ಹೇಳಿದರು: “ಬರೋ ಸೋಮವಾರ ರಾಮದುರ್ಗಕ್ಕ ಹೋಗೋದೈತಿ, ನಮ್ಮ ಶೈಲಜಾನ್ನ ಕೊಡೋ ಮನಿ ನೋಡಾಕ. ಬೀಗರ ಬಾಗಲದಾಗ ಇದು ಹಿಂಗ ಬೊಬ್ಬಿ ಹೊಡದ್ರ, ನೀ ಚಾವಿ ಅಲ್ಲೇ ಇಟ್ಟು ಬಸ್ ಹಿಡಿ. ರಿಪೇರಿ ಮಾಡ್ಸು. ಹಂಗ ಒಂದ ಡುಪ್ಲಿಕೇಟನೂ ಮಾಡ್ಸ್ಕೊಂಡು ಬಾ.”

ಬಜಾರದಲ್ಲಿ ಗಡಿಯಾರ, ಟಿವಿ ರಿಮೋಟು, ಚಾವಿ ಎಲ್ಲವನ್ನೂ ಒಂದೇ ಟೇಬಲ್ಲಿನ ಮೇಲೆ ರಿಪೇರಿ ಮಾಡುವವನು ಮುಜಫ್ಫರ. ಅವನು ಟ್ಯೂಬ್ ಬಿಚ್ಚಿ, ರಿಮೋಟಿನ ಸಂದಿಗೆ ಬ್ಲೇಡ್ ತೂರಿಸಿ ಎರಡು ಹೋಳು ಮಾಡಿದ. ಒಳಗೆಲ್ಲ ಹಳದಿ.

“ಅರೇ ಶ್ರೀಶೈಲ, ಇದೇನ ರಿಮೋಟೋ, ಒಗ್ಗರಣಿ ಡಬ್ಬಿಯೋ? ಅರಿಷಿಣ ಐತಿ, ಸಾಸಿವಿ ಒಂದ ಬಾಕಿ.”

ಶ್ರೀಶೈಲ ನಿಜ ಒಪ್ಪಿಕೊಳ್ಳಲೇಬೇಕಾಯಿತು. ಅದು ಭಂಡಾರ, ಸವದತ್ತಿ ಎಲ್ಲಮ್ಮನ ಗುಡಿಯ ಅರಿಶಿನದ ಪುಡಿ. ಗುಡ್ಡಕ್ಕೆ ಹೋದಾಗಲೆಲ್ಲ ಕಾರು ದೂರದಲ್ಲೇ ನಿಲ್ಲುತ್ತಿತ್ತು. ಕಾರು ಗುಡಿಯ ಬಾಗಿಲಿಗೆ ಬಾರದಿದ್ದರೇನಂತೆ, ಅದರ ಪರವಾಗಿ ಚಾವಿ ಬರಲಿ ಎಂದು ಶ್ರೀಶೈಲ ಅದನ್ನು ಒಯ್ದು, ದೇವಿಯ ಭಂಡಾರ ಬಳಿದುಕೊಂಡು ಬರುತ್ತಿದ್ದ. ಬಳಿಯುವುದೇನು, ಭಕ್ತಿ ಹೆಚ್ಚಾದ ದಿನ ಗುಂಡಿಯ ತೂತಿನೊಳಕ್ಕೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದ.

“ಬರೂವಾಗ ಸೆಲ್ ಹೋಗೇತಿ ಅಂದಿ, ಇಲಿ ಕಡದೈತಿ ಅಂದಿ. ಇನ್ನ ಯಾರ ಹೆಸರ ಹೇಳಾಂವ ಇದ್ದಿ?” ಎಂದು ಮುಜಫ್ಫರ ಕೇಳಿದ.

“ನಿಂದಽ. ಮುಜಫ್ಫರಭಾಯಿ ಬಿಚ್ಚಿದ ಮ್ಯಾಲ ಪೂರಾ ಕೆಟ್ಟತಿ ಅಂತ ಹೇಳಾಂವ ಇದ್ದೆ.”

ಮುಜಫ್ಫರ ನಕ್ಕು, ಹತ್ತಿಗೆ ಸ್ಪಿರಿಟ್ ಅದ್ದಿ ಹಳದಿ ಒರೆಸಿದ. ಸವೆದ ಗುಂಡಿಯ ಜಾಗಕ್ಕೆ ಹಳೆಯ ಟಿವಿ ರಿಮೋಟಿನ ರಬ್ಬರನ್ನು ಕತ್ತರಿಸಿ ಕೂಡಿಸಿದ. ಅಲ್ಲಿಯವರೆಗೆ ಚಾನೆಲ್ ಬದಲಿಸುತ್ತಿದ್ದ ಗುಂಡಿ ಇನ್ನು ಬಾಗಿಲು ತೆಗೆಯಬೇಕಿತ್ತು. ಹೊಸ ಸೆಲ್ ಹಾಕಿದ. ಡುಪ್ಲಿಕೇಟಿಗಾಗಿ ಖಾಲಿ ಚಾವಿಯನ್ನು ಮಶೀನಿಗೆ ಕಚ್ಚಿಸಿ ಹಲ್ಲು ಕೊರೆದ. ಹುಬ್ಬಳ್ಳಿಯಿಂದ ಅದೇ ಜಾತಿಯ ಇನ್ನೊಂದು ರಿಮೋಟ್ ತರಿಸಿ, ಸ್ಟೇರಿಂಗಿನ ಕೆಳಗೆ ಅಡಗಿದ್ದ ಸಣ್ಣ ಸ್ವಿಚ್ ಒತ್ತಿ ಹಿಡಿದು ಹಳೆಯದನ್ನೂ ಹೊಸದನ್ನೂ ಕಾರಿಗೆ ಪರಿಚಯ ಮಾಡಿಸಿದ. ದೀಪಗಳು ಕಣ್ಣು ಹೊಡೆದು ಒಪ್ಪಿಕೊಂಡವು.

“ಇನ್ ಮ್ಯಾಲ ಭಂಡಾರ ಹಚ್ಚೋದೋ ಬ್ಯಾಡೋ?” ಶ್ರೀಶೈಲ ಅಂಜುತ್ತಲೇ ಕೇಳಿದ.

“ಯಾರ ಬ್ಯಾಡಂದ್ರು? ಕಬ್ಬಣದ ಕಡೆ ಹಚ್ಚು. ಪ್ಲಾಸ್ಟಿಕಿನ ಕಡೆ ಬೆರಳ ಒಯ್ಯಬ್ಯಾಡ.”

ಸೋಮವಾರ ಮುಂಜಾನೆ ಕಾರು ತೊಳೆದು ನಿಂತಿತ್ತು. ಸಾವಕಾರರ ಹೆಂಡತಿ ರಾಚವ್ವ ಆರತಿ ತಟ್ಟೆ ಹಿಡಿದು ಹೊರಬಂದರು. “ಎರಡೂ ಚಾವಿ ತಾ ಇಲ್ಲೆ” ಎಂದು ಇಸಿದುಕೊಂಡು, ಚಿಟಿಕೆ ಭಂಡಾರ ತೆಗೆದು ಹೆಬ್ಬೆರಳನ್ನು ನೇರ ಗುಂಡಿಯ ಮೇಲಿಟ್ಟರು.

“ಬ್ಯಾಡ್ರೀ ಅವ್ವಾರ!” ಎಂದು ಶ್ರೀಶೈಲ ಕೂಗಿದ.

ಮಗಳ ಶುಭಕಾರ್ಯಕ್ಕೆ ಹೊರಟ ಹೊತ್ತಿನಲ್ಲಿ ಎಲ್ಲಮ್ಮನ ಭಂಡಾರಕ್ಕೆ ಬೇಡವೆಂದವನನ್ನು ಶಂಕ್ರೆಪ್ಪ ರಾಮದುರ್ಗದವರೆಗೂ ಕಾಯದೆ ಇಲ್ಲೇ ಕೆಲಸದಿಂದ ಬಿಡಿಸುವಂತೆ ಕಂಡರು. ಶ್ರೀಶೈಲ ಒಂದೇ ಉಸಿರಿಗೆ ಎಲ್ಲ ಹೇಳಿದ: ಗುಡ್ಡ, ತೂತು, ಹಳದಿ. “ಕೆಡಿಸಿದಾಂವ ನಾನಽರೀ. ಈ ಕಡೆ, ಕಬ್ಬಣಕ್ಕ ಹಚ್ಚರಿ.”

ರಾಚವ್ವ ಕೈಯಲ್ಲಿದ್ದ ಚಿಟಿಕೆಯನ್ನೇ ನೋಡಿದರು. “ನೀ ಒಬ್ಬನಽ ಅಲ್ಲೋ ತಮ್ಮಾ. ಇವರು ದಿನಾ ಚಾವಿ ತಂದು ದೇವರ ಜಗಲಿ ಮ್ಯಾಲ ಇಡ್ತಾರ. ಮುಂಜಾನೆ ಪೂಜಿ ಮಾಡುವಾಗ ನಾನೂ ಹಚ್ಚತೇನಿ. ಮುಂದಿದ್ದದ್ದಕ್ಕೆಲ್ಲಾ ಹಚ್ಚೋದ.”

ಶಂಕ್ರೆಪ್ಪ ಕೆಮ್ಮಿದರು. “ನಡೀರಿ, ಹೊತ್ತಾತು.”

ರಾಮದುರ್ಗದಲ್ಲಿ ಬೀಗರಾಗುವವರು ಕಾರಿನ ತನಕ ಕಳಿಸಲು ಬಂದರು. ಶ್ರೀಶೈಲ ಉಸಿರು ಹಿಡಿದು ಒತ್ತಿದ. ಟಕ್. ಬಾಗಿಲು ತೆರೆಯಿತು, ಕಾರು ಸುಮ್ಮನಿತ್ತು. ಯಾರೂ ತಿರುಗಿಯೂ ನೋಡಲಿಲ್ಲ. ಅದೇ ತುಸು ಬೇಸರವೆನಿಸಿ ಅವನು ಇನ್ನೊಮ್ಮೆ ಹಾಕಿ, ತೆಗೆದ.

ಸಂಜೆ ಎಂದಿನಂತೆ ಚಾವಿ ಮುಂದೆ ಚಾಚಿದಾಗ ಶಂಕ್ರೆಪ್ಪ ಕೈ ನೀಡಲಿಲ್ಲ.

“ಹೊಸಾದು ಜಗಲಿ ಮ್ಯಾಲ ಇರ್ಲಿ, ಪೂಜಿ ಮಾಡ್ಕೊಂತ ಕುಂದರ್ಲಿ ಇಕಿ. ಇದು ಒಳಗ ಬಂದ್ರ ಮತ್ತ ಹಳದಿ ಆಕ್ಕೈತಿ. ನಿನ್ನ ಕಡೇನ ಇಟ್ಕೋ. ಮುಂಜಾನೆ ನನ್ನ ಕೇಳಾಕ ಬರಬ್ಯಾಡ.”

ಶ್ರೀಶೈಲ ಚಾವಿಯನ್ನು ಕಿಸೆಗೆ ಹಾಕಿಕೊಂಡು, ಅದು ದಿನವೂ ಅಲ್ಲೇ ಇರುವಂಥದ್ದು ಎಂಬ ಠೀವಿಯಲ್ಲಿ ಗೇಟು ದಾಟಿದ. ಕಿಸೆಯೊಳಗೆ ಹೆಬ್ಬೆರಳು ಮಾತ್ರ ತಡೆಯಲಿಲ್ಲ. ಹಿಂದೆ ಅಂಗಳದಲ್ಲಿ ಟಕ್ ಎಂದು ನಾಲ್ಕೂ ಬಾಗಿಲು ತೆರೆದು, ದೀಪಗಳು ಕಣ್ಣು ಹೊಡೆದವು.

“ಲೇ ಶ್ರೀಶೈಲಾ!” ಒಳಗಿನಿಂದ ಸಾವಕಾರರ ದನಿ.

“ಚೆಕ್ ಮಾಡಿದ್ನಿರೀ!” ಎಂದು ಕೂಗಿ, ಅವನು ಮತ್ತೊಮ್ಮೆ ಒತ್ತಿದ.